ವಿಶ್ವವಿದ್ಯಾನಿಲಯದ ಮೂರನೆಯ ಅಂಗ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ಕುರಿತು ೧೧೬೨ನೆಯ ಇಸವಿಯ ಶಾಸನವೊಂದಿದೆ. ಆ ಮಠದಲ್ಲಿ ವೇದಗಳ ಅಧ್ಯಯನ ನಡೆಯುತ್ತಿತ್ತು, ವ್ಯಾಕರಣಗಳ ಪಾಠ ನಡೆಯುತ್ತಿತ್ತು, ದರ್ಶನಗಳನ್ನೂ ಕಾವ್ಯನಾಟಕಗಳನ್ನೂ ಓದಿಸುತ್ತಿದ್ದರು ಎಂದು ಶಾಸನ ಪಟ್ಟಿ ಮಾಡಿ ಹೇಳುತ್ತದೆ. ಅಷ್ಟಕ್ಕೇ ಅದು ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನ ದೊರೆಯುವ ಎಡೆ ಅದು, ರೋಗಿಗಳಿಗೆ ಔಷಧ ದೊರೆಯುವ ಎಡೆ ಅದು ಎಂದೂ ವರ್ಣಿಸುತ್ತದೆ. ಪಾಠಕ್ಕೂ ಅನ್ನಕ್ಕೂ ನಡುವೆ ಶಾಸನಕಾರ ಗೆರೆ ಎಳೆದಿಲ್ಲ. ವಿದ್ಯೆಯ ಸ್ಥಾನವೆಂದ ಮೇಲೆ ಸುತ್ತಲಿನ ಜನದ ಕಷ್ಟಸುಖ ಅದಕ್ಕೆ ಹೊರಗಿನದಲ್ಲ ಎಂಬುದು ಅವನಿಗೆ ವಾದಿಸಬೇಕಾದ ವಿಷಯವಾಗಿಯೇ ತೋರಿಲ್ಲ.

ಹೀಗೆಂದ ಮಾತ್ರಕ್ಕೆ ನಮ್ಮ ಪೂರ್ವಿಕರ ಮಠ, ಅಗ್ರಹಾರ, ಘಟಿಕಾಸ್ಥಾನಗಳನ್ನು ಇಂದಿನ ವಿಶ್ವವಿದ್ಯಾನಿಲಯಗಳ ಜೊತೆ ಸರಿದೂಗಿಸಿ ನೋಡುವುದು ಉಚಿತವಲ್ಲ. ಕೋಡಿಯ ಮಠದಲ್ಲಿ ಅನ್ನ ಎಲ್ಲರಿಗೂ ಇತ್ತು ಎನ್ನಬಹುದು. ಪಾಠ ಎಲ್ಲರಿಗೂ ಇತ್ತೆಂದು ಹೇಳುವಂತಿಲ್ಲ. ಅಲ್ಲಿ ನಡೆದದ್ದು ದಾನ. ದಾನ ಕೊಡುವವನ ಔದಾರ್ಯಕ್ಕೆ ಸೇರಿದ್ದು. ಆಧುನಿಕ ವಿಶ್ವವಿದ್ಯಾನಿಲಯದ ಹುಟ್ಟೇ ಬೇರೆ. ಅದು ಶಾಸನಸಭೆಯ ಕಾಯಿದೆಯಿಂದಲೋ ಸರ್ಕಾರದ ರೆಗ್ಯುಲೇಷನ್ನಿನಿಂದಲೋ ಹುಟ್ಟುತ್ತದೆ. ಜನರು ತೆತ್ತ ಕಂದಾಯದಿಂದ ಬೆಳೆಯುತ್ತದೆ. ಆದ್ದರಿಂದ ಅದು ಸಮಾಜಕ್ಕೆ ಮಾಡುವುದನ್ನು ದಾನವೆನ್ನಲಾಗದು, ಋಣಸಂದಾಯವೆನ್ನಬೇಕು. ದೇವಋಣ, ಪಿತೃಋಣ, ಋಷಿಋಣಗಳೆಂದು ನಮ್ಮ ಹಿರಿಯರು ಮೂರನ್ನು ಎಣಿಸಿದರು. ಅಧ್ಯಯನ ಮಾಡಿದರೆ ಋಷಿಋಣ ತೀರಿತು ಎಂದರು. ಆದರೆ ರಾಗಿ ಬೆಳೆದು, ಕಂದಾಯ ಕಟ್ಟಿ, ಕಾಲೇಜಿನ ಕಟ್ಟಡಕ್ಕೂ ಪ್ರಾಧ್ಯಾಪಕನ ಸಂಬಳಕ್ಕೂ ಕಾರಣನಾದ ರೈತನ ಋಣ ಬರಿಯ ಅಧ್ಯಯನದಿಂದ ತೀರುವುದಿಲ್ಲ. ಅದು ತೀರುವ ಬಗೆ ಯಾವುದು? ನಮ್ಮ ನಾಡಿನ ಒಂದು ವಿಶ್ವವಿದ್ಯಾನಿಲಯದ ಇತಿಹಾಸವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂಬುದು ನನ್ನ ಉದ್ದೇಶ.

ಭಾರತದಲ್ಲಿ ಹೊಸ ಬಗೆಯ ವಿಶ್ವವಿದ್ಯಾನಿಲಯಗಳು ಮೊದಲು ತಲೆಯೆತ್ತಿದ್ದು ೧೮೫೭ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ. ೧೮೫೪ರ ವುಡ್‌ನ ಶಿಕ್ಷಣ ಸಂಬಂಧವಾದ ನಿರೂಪ ಅವಕ್ಕೆ ಮೂಲ. ಲಂಡನ್ ವಿಶ್ವವಿದ್ಯಾನಿಲಯ ಅವಕ್ಕೆ ಮಾದರಿ. ಆಗ ಲಂಡನ್ ವಿಶ್ವವಿದ್ಯಾನಿಲಯವೆಂದರೆ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಪಾಠ ಹೇಳುವುದು ಕಾಲೇಜುಗಳ ಪಾಲು, ಪ್ರಶ್ನೆಪತ್ರಿಕೆ ಬರೆದು ಪ್ರಮಾಣಪತ್ರಕ್ಕೆ ಮೊಹರು ಒತ್ತುವುದು ವಿಶ್ವವಿದ್ಯಾನಿಲಯದ ಪಾಲು. ಮೈಸೂರಿನ ಮಹಾರಾಜ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಬಹುಕಾಲ ಮದರಾಸಿನ ಆಶ್ರಯದಲ್ಲಿದ್ದವು. ಮೈಸೂರು ಸೀಮೆಯ ಹುಡುಗ ಯಾವ ಪುಸ್ತಕವನ್ನು ಓದಬೇಕೆಂಬುದು ನಿರ್ಧಾರವಾಗುತ್ತಿದ್ದುದು ಸಮುದ್ರದ ದಂಡೆಯಲ್ಲಿ. ಪರೀಕ್ಷಿಸುವುದಷ್ಟೇ ಕೆಲಸವಾಗಿರುವ ಸಂಸ್ಥೆಗೆ ಸಮಾಜದ ಕಡೆಗೆ ಮುಖ ಮಾಡುವ ಅಗತ್ಯ ಬೀಳುವುದಿಲ್ಲ. ಅದರ ಎದುರಿಗೆ ಇರುವವನು ಅಭ್ಯರ್ಥಿ ಮಾತ್ರ.

ಈ ಹಿನ್ನೆಲೆಯಲ್ಲಿ ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು ದೊಡ್ಡ ಸಂಗತಿ. ದೇಶೀಯ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾನಿಲಯವನ್ನು ಕಟ್ಟಿಕೊಂಡದ್ದು ಅದೇ ಮೊದಲು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥೆ, ದಿವಾನ್ ವಿಶ್ವೇಶ್ವರಯ್ಯನವರ ಕರ್ತೃತ್ವಶಕ್ತಿ ಎರಡೂ ಅಲ್ಲಿ ಕೂಡಿಕೊಂಡವು. ವಿಶ್ವೇಶ್ವರಯ್ಯನವರಿಗೆ ವಿದ್ಯೆಯೆಂದರೆ ನಾಡಿನ ಸಂಪತ್ತನ್ನು ಹೆಚ್ಚಿಸುವ ಉಪಕರಣ. ಅವರ ದಿವಾನಗಿರಿಯಲ್ಲಿ ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು, ಅದೇ ವರ್ಷ ಮೈಸೂರು ಬ್ಯಾಂಕು ಬಂತು, ೧೯೧೭ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ವಿಶ್ವವಿದ್ಯಾನಿಲಯ ಈ ಸಾಲಿಗೆ ಸೇರಿದ್ದು. ಸಂಪದಭ್ಯುದಯ ಸಮಾಜದ ಚರ್ಚೆಗಳಿಂದಲೇ ೧೯೧೫ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತೂ ಮೂಡಿತು. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳೂ ಆದರು. ಜನದ ನುಡಿಯನ್ನು ಬೆಳೆಸುವ ಸಂಸ್ಥೆಗೂ ಉನ್ನತ ವಿದ್ಯೆಯ ಸಂಸ್ಥೆಗೂ ಒಬ್ಬರೇ ಹಿರಿಯರು. ಇದಕ್ಕಿಂತ ಶುಭವಾದ ಆರಂಭ ಇನ್ನೇನು ಬೇಕಿತ್ತು?

ಆದರೆ ಒಂದು ಗೋಡೆ ಅಡ್ಡ ನಿಂತಿತ್ತು. ಪರಿಷತ್ತಿನ ಭಾಷೆ ಕನ್ನಡ, ವಿಶ್ವವಿದ್ಯಾನಿಲಯದ ಭಾಷೆ ಇಂಗ್ಲಿಷು. ಕನ್ನಡ ನಾಡಿನ ನಡುವೆ, ಕನ್ನಡಿಗರ ಹಣದಿಂದ ನಿಂತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಲು ೧೯೨೭ರ ವರೆಗೆ ಕಾಯಬೇಕಾಯಿತು. ಇದೇ ಕಾಲದಲ್ಲಿ ನೆರೆಯ ಹೈದರಾಬಾದು ಸಂಸ್ಥಾನದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವನ್ನೇ ಬೋಧನ ಮಾಧ್ಯಮವನ್ನಾಗಿ ಮಾಡಿಕೊಂಡಿತು. ಅದಕ್ಕಾಗಿ ದೊಡ್ಡದೊಂದು ಭಾಷಾಂತರ ಇಲಾಖೆಯನ್ನೇ ತೆರೆದು ವಿಜ್ಞಾನ, ಇತಿಹಾಸ, ನ್ಯಾಯಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತರಿಸಿತು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆ ಅಸಾಧ್ಯವೆಂಬ ವಾದಕ್ಕೆ ಅದು ಕೊಟ್ಟ ಉತ್ತರ ಸಮರ್ಥವಾದದ್ದೇ. ಆದರೆ ಆ ಸಂಸ್ಥಾನದ ಹೆಚ್ಚಿನ ಜನ ಆಡುತ್ತಿದ್ದುದು ತೆಲುಗು, ಮರಾಠಿ, ಕನ್ನಡಗಳನ್ನು. ರಾಯಚೂರು, ಕಲಬುರ್ಗಿ, ಬೀದರುಗಳ ಕನ್ನಡ ಹುಡುಗನಿಗೆ ಆ ಬಾಗಿಲು ಇನ್ನೊಂದು ಪರಭಾಷೆಯ ಬಾಗಿಲೇ ಆಯಿತು. ಎರಡು ಸಂಸ್ಥಾನಗಳ ಎರಡು ಪ್ರಯೋಗಗಳಿಂದ ತಿಳಿಯುವುದಿಷ್ಟು: ದೇಶಭಾಷೆಯಲ್ಲಿ ವಿದ್ಯೆ ಸಾಧ್ಯವೇ ಎಂದು ಕೇಳಿದರೆ ಸಾಲದು, ಅದು ಯಾರ ಭಾಷೆ ಎಂದೂ ಕೇಳಬೇಕು.

ಮೈಸೂರಿನಲ್ಲಿ ಗೋಡೆ ಇದ್ದದ್ದು ನಿಜ. ಅದರಲ್ಲಿ ಕಿಟಕಿಗಳನ್ನು ಕೊರೆದವರು ಯಾರು ಎಂಬುದೇ ನನಗೆ ಈ ಇತಿಹಾಸದ ಬಹು ಮುಖ್ಯವಾದ ಭಾಗ. ನಿಯಮವಾಗಲಿ ಸರ್ಕಾರದ ಆಜ್ಞೆಯಾಗಲಿ ಅದನ್ನು ಮಾಡಲಿಲ್ಲ. ಅಧ್ಯಾಪಕರು ತಾವಾಗಿ ಮಾಡಿದರು. ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಾದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ೧೯೧೮ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಕನ್ನಡದಲ್ಲಿ ವಿಜ್ಞಾನದ ಗದ್ಯವೆಂಬುದು ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ, ಪದಗಳನ್ನು ಹುಡುಕುತ್ತ, ಬೇಕಾದಲ್ಲಿ ಕಟ್ಟುತ್ತ ಅವರು ಬರೆದರು. ಮರುವರ್ಷ, ೧೯೧೯ರಲ್ಲಿ, ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ಣಾಟಕ'ವನ್ನು ಆರಂಭಿಸಿದರು. ಆ ಪತ್ರಿಕೆಯನ್ನು ಮುಂದೆ ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಇಂಗ್ಲಿಷಿನ ಪ್ರಾಧ್ಯಾಪಕರಾದ ಬಿ.ಎಂ. ಶ್ರೀಕಂಠಯ್ಯನವರು ೧೯೧೧ರಲ್ಲಿಯೇ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ್ದರು. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸಿ ಊರೂರಿಗೆ ಹೋಗಿ ಕನ್ನಡವನ್ನು ಕುರಿತು ಮಾತನಾಡಿದರು. ಇವರೆಲ್ಲರಿಗೂ ಸಂಬಳ ಬರುತ್ತಿದ್ದುದು ಇಂಗ್ಲಿಷಿನಲ್ಲಿ ಪಾಠ ಹೇಳುವುದಕ್ಕೆ; ಜನರೊಡನೆ ಮಾತನಾಡಿದ್ದು ತಮ್ಮ ಬಿಡುವಿನ ವೇಳೆಯಲ್ಲಿ, ಅನೇಕ ವೇಳೆ ತಮ್ಮ ಕೈಯ ಹಣದಿಂದ.

ಈಗ ನಿಮ್ಮ ಕಿವಿಗೆ ಬೀಳುತ್ತಿರುವ ಈ ಮಾತು ಬರುತ್ತಿರುವ ಮಾಧ್ಯಮಕ್ಕೂ ಇಂಥದೇ ಒಂದು ಕಥೆ ಉಂಟು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಕೆಲವು ವರ್ಷ ಖಾಸಗಿ ಪ್ರಯತ್ನವಾಗಿಯೇ ನಡೆದ ಅದನ್ನು ೧೯೪೨ರಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಆ ಹೆಸರು ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು. ಮನಶ್ಶಾಸ್ತ್ರಜ್ಞನಿಗೂ ಬಾನುಲಿಗೂ ಏನು ಸಂಬಂಧ? ತರಗತಿಯ ನಾಲ್ಕು ಗೋಡೆಗಳ ನಡುವೆ ಐವತ್ತು ಜನರಿಗೆ ಕೇಳಿಸುವ ಮಾತು ಓದು ಬರೆಹ ಬಾರದವನಿಗೂ ಮನೆಯೊಳಗಿನ ಹೆಣ್ಣುಮಗಳಿಗೂ ಕೇಳಿಸಬೇಕಲ್ಲ ಎಂಬ ಕಾತರ ಒಂದೇ ಸಂಬಂಧ. ಕಾಲೇಜಿನ ಪ್ರಾಧ್ಯಾಪಕನೊಬ್ಬನ ಮನೆಯಿಂದ ಹೊರಟ ಧ್ವನಿ ದೇಶದ ಸಂಸ್ಥೆಗೆ ಹೆಸರು ಕೊಟ್ಟಿತೆಂಬುದನ್ನು ನಮ್ಮ ವಿಶ್ವವಿದ್ಯಾನಿಲಯಗಳು ಮರೆಯಬಾರದು.

ಜ್ಞಾನವನ್ನು ಹೊರಕ್ಕೆ ಒಯ್ಯುವುದು ಒಂದು ಹೊಣೆಯಾದರೆ, ಹೊರಗಿದ್ದವರನ್ನು ಒಳಕ್ಕೆ ತರುವುದು ಇನ್ನೊಂದು. ಈ ಎರಡನೆಯ ಹೊಣೆ ಸುಲಭವಾಗಿ ನೆರವೇರಲಿಲ್ಲ. ಸಂಸ್ಥಾನದ ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ಒಂದೇ ವರ್ಗದವರು ತುಂಬಿದ್ದಾರೆಂಬ ದೂರು ಬಲವಾದಾಗ ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದಕ್ಷತೆಗೆ ಕುಂದು ಬರುವುದೆಂಬ ಭಯ ವಿಶ್ವೇಶ್ವರಯ್ಯನವರಿಗಿತ್ತು. ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಸಮಿತಿ ೧೯೧೯ರಲ್ಲಿ ವರದಿ ಕೊಟ್ಟಿತು. ೧೯೨೧ರಲ್ಲಿ ಸರ್ಕಾರ ಹಿಂದುಳಿದ ವರ್ಗಗಳಿಗೆ ಉದ್ಯೋಗದಲ್ಲಿಯೂ ವಿದ್ಯಾಭ್ಯಾಸದ ಸೌಲಭ್ಯದಲ್ಲಿಯೂ ಪ್ರಾಶಸ್ತ್ಯ ಕೊಡುವ ಆಜ್ಞೆ ಹೊರಡಿಸಿತು. ಮಹಾರಾಜರೂ ಅವರ ದಿವಾನರೂ ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು. ವಿದ್ಯೆ ನಾಡನ್ನು ಶ್ರೀಮಂತಗೊಳಿಸಬೇಕು ಎಂದು ಒಬ್ಬರು. ನಾಡೆಂದರೆ ಯಾರು ಎಂಬುದನ್ನು ಮೊದಲು ತೀರ್ಮಾನಿಸೋಣ ಎಂದು ಇನ್ನೊಬ್ಬರು. ನೂರು ವರ್ಷಗಳ ಮೇಲೂ ನಾವು ಇದೇ ವಾದದ ಎರಡು ಕೊನೆಗಳನ್ನು ಹಿಡಿದು ಜಗ್ಗುತ್ತಿದ್ದೇವೆ.

ಆಜ್ಞೆಯಿಂದ ಬಾಗಿಲು ತೆರೆಯಬಹುದು. ಹಳ್ಳಿಯಿಂದ ಬಂದ ಹುಡುಗ ರಾತ್ರಿ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದಕ್ಕೆ ಆಜ್ಞೆಯಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಕೊಟ್ಟದ್ದು ಸಮಾಜ. ವಾರಾನ್ನದ ಮನೆಗಳು, ಬೇರೆ ಬೇರೆ ಜನಾಂಗಗಳವರು ಕೂಡಿಸಿದ ಚಂದಾದಿಂದ ನಡೆದ ವಿದ್ಯಾರ್ಥಿನಿಲಯಗಳು, ಮಠಗಳ ದಾಸೋಹ, ಮೈಸೂರಿನಲ್ಲಿ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯ, ಇವೆಲ್ಲ ಇಲ್ಲದಿದ್ದರೆ ವಿಶ್ವವಿದ್ಯಾನಿಲಯದ ತರಗತಿಗಳಲ್ಲಿ ಕುಳಿತುಕೊಳ್ಳಲು ಪಟ್ಟಣದ ಉಳ್ಳವರ ಮಕ್ಕಳ ಹೊರತು ಬೇರೆ ಯಾರೂ ಬರುತ್ತಿರಲಿಲ್ಲ. ತೀರ್ಥಹಳ್ಳಿಯ ಕಡೆಯ ಕುಪ್ಪಳಿಯಿಂದ ಬಂದು, ರಾಮಕೃಷ್ಣಾಶ್ರಮದಲ್ಲಿ ನೆಲೆ ಪಡೆದು, ಮಹಾರಾಜ ಕಾಲೇಜಿನಲ್ಲಿ ಓದಿ, ಕನ್ನಡ ಎಂ.ಎ.ಯ ಮೊದಲ ತಂಡದಲ್ಲಿದ್ದು ೧೯೨೯ರಲ್ಲಿ ಅಲ್ಲಿಯೇ ಅಧ್ಯಾಪಕರಾದ ಕೆ.ವಿ. ಪುಟ್ಟಪ್ಪನವರನ್ನು ನೆನೆಯಿರಿ. ಅವರು ೧೯೫೬ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಅಲ್ಲಿಯೇ ಓದಿ ಆ ಪೀಠವನ್ನು ಏರಿದವರಲ್ಲಿ ಅವರೇ ಮೊದಲಿಗರು. ವಿಶ್ವವಿದ್ಯಾನಿಲಯಕ್ಕೆ ಸಮಾಜ ತನ್ನ ಪಾಲನ್ನು ಮೊದಲೇ ಸಲ್ಲಿಸಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕುವೆಂಪು ಅವರು ೧೯೬೦ರ ವರೆಗೆ ಆ ಸ್ಥಾನದಲ್ಲಿದ್ದರು. ಮಾನಸಗಂಗೋತ್ರಿ ಎಂಬ ಹೆಸರು ಅವರ ಕೊಡುಗೆಯೆಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೊಡುಗೆ, ನನ್ನ ದೃಷ್ಟಿಯಲ್ಲಿ, ವಿಶ್ವವಿದ್ಯಾನಿಲಯವನ್ನು ಮೂರು ಅಂಗಗಳಾಗಿ ಕಂಡದ್ದು: ಬೋಧನಾಂಗ, ಸಂಶೋಧನಾಂಗ, ಪ್ರಸಾರಾಂಗ. ಕಲಿಸುವುದು, ಹುಡುಕುವುದು, ಹರಡುವುದು. ಈ ವಿಚಾರದ ಬೀಜಗಳು ಹೊರದೇಶಗಳಲ್ಲಿಯೂ ಇದ್ದವು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯ ೧೮೭೩ರಲ್ಲಿಯೇ ಊರೂರುಗಳಲ್ಲಿ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸತೊಡಗಿತ್ತು. ಅಮೆರಿಕದಲ್ಲಿ ೧೮೬೨ರ ಮಾರಿಲ್ ಕಾಯಿದೆಯಿಂದ ಭೂಮಿಯ ಕೊಡುಗೆ ಪಡೆದ ಕಾಲೇಜುಗಳು ಬೇಸಾಯದ ವಿದ್ಯೆಯನ್ನು ರೈತನ ಹೊಲಕ್ಕೆ ಒಯ್ದಿದ್ದವು. ಮೈಸೂರಿನಲ್ಲಿಯೂ ಸ್ವಾತಂತ್ರ್ಯಕ್ಕೆ ಮುಂಚೆಯೇ ಪ್ರಚಾರೋಪನ್ಯಾಸಗಳೂ ಅಗ್ಗದ ಬೆಲೆಯ ಕಿರುಹೊತ್ತಿಗೆಗಳೂ ನಡೆದುಬಂದಿದ್ದವು. ಅಧ್ಯಾಪಕರು ಹಲವು ವರ್ಷ ದುಡಿದು ಸಿದ್ಧಪಡಿಸಿದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದಿತ್ತು. ಆದರೆ ಪ್ರಸಾರವನ್ನು ಬೋಧನೆ ಸಂಶೋಧನೆಗಳ ಪಂಕ್ತಿಯಲ್ಲಿ, ಸಮಾನವಾದ ಮಣೆ ಹಾಕಿ ಕೂರಿಸಿದ್ದು ಕುವೆಂಪು ದರ್ಶನ. ದೆಹಲಿಯ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ವಿಸ್ತರಣ ಕಾರ್ಯವನ್ನು ಬೋಧನೆ ಸಂಶೋಧನೆಗಳಿಗೆ ಸಮನಾದ ಮೂರನೆಯ ಕರ್ತವ್ಯವೆಂದು ತನ್ನ ನೀತಿಯಲ್ಲಿ ಒಪ್ಪಿಕೊಂಡದ್ದು ೧೯೭೭ರಲ್ಲಿ.

ಅಂಗ ಎಂಬ ಮಾತನ್ನು ಅವರು ಸುಮ್ಮನೆ ಆರಿಸಿಕೊಂಡಿರಲಾರರು. ಅಂಗಕ್ಕೂ ಶಾಖೆಗೂ ವ್ಯತ್ಯಾಸವಿದೆ. ಶಾಖೆಯನ್ನು ಬೇಕಾದರೆ ತೆರೆಯಬಹುದು, ಬೇಡವಾದರೆ ಮುಚ್ಚಬಹುದು. ಅಂಗಕ್ಕೆ ಇಡೀ ದೇಹದ ರಕ್ತ ಹರಿಯಬೇಕು.

ಆ ರಕ್ತ ಹರಿದ ಕಾಲವೊಂದಿತ್ತು. ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಹಳ್ಳಿಯ ಹೆಂಗಸಿನ ಒರಳು, ಬೀಸುವ ಕಲ್ಲು, ಸೋಮನ ಮುಖ ಇವೆಲ್ಲ ವಿದ್ವಾಂಸರು ನೋಡತಕ್ಕ ವಸ್ತುಗಳೆಂಬ ಮನ್ನಣೆ ಪಡೆದವು. ೧೯೬೯ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂತು. ಮುಂದೆ ಅದು ೧೪ ಸಂಪುಟಗಳಿಗೆ ಬೆಳೆಯಿತು. ಆ ಹೊತ್ತಿಗೆ ಸುರುವಾದ ಅಂಚೆ ಮತ್ತು ತೆರಪಿನ ಶಿಕ್ಷಣದಿಂದ ಹಗಲು ದುಡಿಯುವ ಗುಮಾಸ್ತನೂ ಶಾಲೆಯ ಮೇಷ್ಟ್ರೂ ಮನೆಯಲ್ಲಿಯೇ ಓದಿ ಪದವಿ ಪಡೆದರು. ಅದರಿಂದಲೇ ೧೯೯೬ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಬೇಸಾಯದ ಕ್ಷೇತ್ರದಲ್ಲಿ, ೧೯೬೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ತನ್ನ ಕಟ್ಟಳೆಯಲ್ಲಿಯೇ ಹೊತ್ತುಕೊಂಡಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಬಡವನ ಧಾನ್ಯವೆಂದು ವಿಜ್ಞಾನ ಬಹಳ ದಿನ ಕಣ್ಣೆತ್ತಿ ನೋಡದಿದ್ದ ಬೆಳೆ ಅದು. ರೈತನ ಋಣವನ್ನು ರೈತನ ಹೊಲದಲ್ಲಿಯೇ ತೀರಿಸಿದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಪ್ರಸಾರಾಂಗವೆಂದರೇನೆಂದು ನಾನು ಕಣ್ಣಾರೆ ಕಂಡ ಒಂದು ಸಂದರ್ಭವನ್ನು ಇಲ್ಲಿ ಹೇಳಬಹುದು. ಎಂ.ಎ. ಮುಗಿಸಿ ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ ಹಿರಿಯ ಶಾಸನತಜ್ಞರೊಬ್ಬರ ಜೊತೆ ಒಂದು ಹಳ್ಳಿಗೆ ಹೋಗಿದ್ದೆ. ಸಂಜೆ ಉಪನ್ಯಾಸ, ಅದಕ್ಕೆ ಮೊದಲು ಊರಿನವರು ತಮ್ಮ ಕೆರೆಯ ಏರಿಯ ಮೇಲೆ ನಿಂತಿದ್ದ ಕಲ್ಲನ್ನು ತೋರಿಸಿದರು. ಅದನ್ನು ಅವರು ಪೂಜೆ ಮಾಡುತ್ತಿದ್ದರು, ಓದಿರಲಿಲ್ಲ. ಗುರುಗಳು ಅರಿಸಿನ ಕುಂಕುಮವನ್ನು ಮೆಲ್ಲಗೆ ಒರೆಸಿ, ನೀರು ಹಾಕಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಕೆರೆಯ ಏರಿಯನ್ನು ವರ್ಷವರ್ಷ ದುರಸ್ತಿ ಮಾಡುವವನಿಗೆ ಕಟ್ಟುಗೊಡಗೆಯಾಗಿ ಬಿಟ್ಟ ಗದ್ದೆಯ ಮಾತು ಅದರಲ್ಲಿತ್ತು. "ಹಂಗಾದ್ರೆ ಈ ಕೆರೇನ ನೋಡ್ಕೊಳ್ಳೋ ಹೊಣೆ ಹಿಂದ್ಲಿಂದ್ಲೂ ನಮ್ಮೂರಿಂದೇ ಏನು ಬುದ್ಧಿ?" ಎಂದು ಮುದುಕರೊಬ್ಬರು ಕೇಳಿದರು. "ಹೌದು ಯಜಮಾನರೇ, ನಿಮ್ಮ ಊರಿನದೇ. ಅದನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ" ಎಂದರು ಗುರುಗಳು. ಆ ಸಂಜೆಯ ಉಪನ್ಯಾಸದ ವಿಷಯ ಬೇರೆ ಏನೋ ಇತ್ತು. ಆದರೆ ಕೆರೆಯ ಹೂಳಿನ ಮಾತೇ ರಾತ್ರಿಯವರೆಗೂ ನಡೆಯಿತು. ಲಿಪಿಶಾಸ್ತ್ರದ ಪಾಂಡಿತ್ಯ ಒಂದು ಊರಿನ ವ್ಯವಹಾರದ ಮಾತಾಗಿ ಮಾರ್ಪಟ್ಟದ್ದನ್ನು ನಾನು ಅಂದು ನೋಡಿದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ನೆನಪೂ ಇದೆ. ವರ್ಷಗಳ ಮೇಲೆ, ಬೇರೊಂದು ಸೀಮೆಯಲ್ಲಿ, ಸೋಬಾನೆ ಪದಗಳಿಗೆ ಹೆಸರಾದ ವೃದ್ಧೆಯೊಬ್ಬರನ್ನು ಕಂಡೆ. ಸಂಶೋಧನೆಯ ವಿದ್ಯಾರ್ಥಿಯೊಬ್ಬ ಅವರಿಂದ ನೂರಾರು ಪದಗಳನ್ನು ಬರೆದುಕೊಂಡು ಹೋಗಿದ್ದ. ಡಾಕ್ಟರೇಟ್ ಪದವಿಯೂ ಬಂದಿತ್ತು. ಆ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಮಾತು: "ನನ್ನ ಪದವೆಲ್ಲ ಎಲ್ಲಿಗೆ ಹೋದ್ವಪ್ಪ?" ಅವು ಹೋದದ್ದು ದಪ್ಪ ರಟ್ಟಿನ ಪ್ರಬಂಧವೊಂದರ ಅನುಬಂಧಕ್ಕೆ; ಆ ಪ್ರಬಂಧ ಹೋದದ್ದು ಒಂದು ಗ್ರಂಥಭಂಡಾರದ ಬೀಗ ಹಾಕಿದ ಕಪಾಟಿಗೆ. ಊರಿಗೆ ಒಂದು ಪ್ರತಿಯೂ ಹಿಂದಿರುಗಿರಲಿಲ್ಲ. ಜನರಿಂದ ಪಡೆದದ್ದನ್ನು ಜನರಿಗೆ ಹಿಂದಿರುಗಿಸಬೇಕೆಂದು ಆ ವಿದ್ಯಾರ್ಥಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಯಾವ ನಿಯಮದಲ್ಲಿಯೂ ಇರಲಿಲ್ಲ.

ಈ ಎರಡು ನೆನಪುಗಳ ನಡುವೆ ಆದ ಬದಲಾವಣೆ ಏನು? ವಿಶ್ವವಿದ್ಯಾನಿಲಯಗಳೇನೂ ಕಡಿಮೆಯಾಗಲಿಲ್ಲ. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ೧೯೬೪ರಲ್ಲಿ ಬೆಂಗಳೂರಿನದು, ೧೯೮೦ರಲ್ಲಿ ಮಂಗಳೂರು ಮತ್ತು ಗುಲ್ಬರ್ಗಗಳವು, ೧೯೮೭ರಲ್ಲಿ ಕುವೆಂಪು ಹೆಸರಿನದು, ೧೯೯೧ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಹೀಗೆ ಬೆಳೆಯುತ್ತ ಬಂದವು. ಸಮಾಜದ ಬಗ್ಗೆ ಹೊಣೆಯನ್ನು ಹೊರುವ ಏರ್ಪಾಡುಗಳೂ ಬೆಳೆದವು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ೩೭ ವಿಶ್ವವಿದ್ಯಾನಿಲಯಗಳ ೪೦,೦೦೦ ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಪ್ರಸಾರಾಂಗಗಳಿಗೆ ನಿರ್ದೇಶಕರು, ಕಚೇರಿಗಳು, ಆಯವ್ಯಯ ಎಲ್ಲ ಬಂದವು. ಬಂದದ್ದು ಒಳ್ಳೆಯದೇ. ಒಬ್ಬಿಬ್ಬರ ಉತ್ಸಾಹವನ್ನು ನಂಬಿಕೊಂಡು ಶತಮಾನಕಾಲ ಒಂದು ಕೆಲಸವನ್ನು ನಡೆಸಲಾಗುವುದಿಲ್ಲ. ವೆಂಕಟನಾರಣಪ್ಪನವರಂಥವರ ಪತ್ರಿಕೆಯೇ ಎರಡು ವರ್ಷಕ್ಕೆ ನಿಂತಿತು. ಆದರೆ ಎಲ್ಲರದಾಗಿದ್ದ ಹೊಣೆಗೆ ಒಂದು ಕಚೇರಿಯಾದ ಕೂಡಲೇ ಉಳಿದವರು ನಿಶ್ಚಿಂತರಾದರು. ಭೌತವಿಜ್ಞಾನದ ಪ್ರಾಧ್ಯಾಪಕ, ಜನರಿಗೆ ತಿಳಿಯುವಂತೆ ಬರೆಯುವುದು ಪ್ರಸಾರಾಂಗದ ಕೆಲಸ ಎಂದ. ಅರ್ಥಶಾಸ್ತ್ರದ ಪ್ರಾಧ್ಯಾಪಕ, ಹಳ್ಳಿಗೆ ಹೋಗುವುದು ಸೇವಾ ಯೋಜನೆಯ ಹುಡುಗರ ಕೆಲಸ ಎಂದ. ಅಂಗವಾಗಬೇಕಾಗಿದ್ದುದು ಶಾಖೆಯಾಯಿತು.

ಇದರ ಮೇಲೆ ಎಣಿಕೆಯ ಕಾಲ ಬಂತು. ೨೦೧೦ರ ನಿಯಮಾವಳಿಯಲ್ಲಿ ಆಯೋಗ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಪದ್ಧತಿಯನ್ನು ತಂದಿತು. ಆಮೇಲೆ ನಿಯಮಗಳು ಬದಲಾದರೂ ಎಣಿಸುವ ಮನೋಭಾವ ಹೋಗಿಲ್ಲ. ಹೊರದೇಶದ ಇಂಗ್ಲಿಷ್ ಪತ್ರಿಕೆಯ ಲೇಖನಕ್ಕೆ ಇರುವ ತೂಕ ಕನ್ನಡದಲ್ಲಿ ರೈತನಿಗಾಗಿ, ಶುಶ್ರೂಷಕಿಗಾಗಿ, ಶಾಲೆಯ ಉಪಾಧ್ಯಾಯನಿಗಾಗಿ ಬರೆದ ಹೊತ್ತಗೆಗೆ ಇಲ್ಲ. ವಿಸ್ತರಣ ಕಾರ್ಯಕ್ಕೂ ಅಂಕಗಳಿದ್ದವು, ನಿಜ; ಅವು ಹಾರ ತುರಾಯಿಗಳ ಛಾಯಾಚಿತ್ರದಿಂದಲೂ ಪ್ರಮಾಣಪತ್ರದಿಂದಲೂ ದೊರೆಯುವಂಥವು. ಇನ್ನು ಅನೇಕ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತನ್ನ ಕೆಲಸ ಉಳಿಯುವುದೋ ಇಲ್ಲವೋ ತಿಳಿಯದ ತರುಣನಿಗೆ ಸಮಾಜದ ಋಣವನ್ನು ಬೋಧಿಸುವ ಮೊದಲು ಅವನ ಬಗ್ಗೆ ತನಗೆ ಹೊಣೆ ಇದೆಯೇ ಎಂದು ಸಂಸ್ಥೆ ಕೇಳಿಕೊಳ್ಳಬೇಕು.

ವಿಶ್ವವಿದ್ಯಾನಿಲಯ ಸಮಾಜಸೇವಾ ಸಂಘವಲ್ಲ, ಸತ್ಯಶೋಧನೆಯೇ ಅದರ ಧರ್ಮ, ತಕ್ಷಣದ ಉಪಯೋಗವನ್ನು ನೋಡಿ ವಿದ್ಯೆಯನ್ನು ಅಳೆಯಬಾರದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿದೆ. ಹಳಗನ್ನಡದ ಛಂದಸ್ಸಿನಿಂದ ಯಾರ ಹೊಟ್ಟೆ ತುಂಬುತ್ತದೆ ಎಂದು ಕೇಳುವವರ ನಡುವೆ ಬಾಳು ಸವೆಸಿದವನು ನಾನು. ಬಳಕೆಗೆ ಬಾರದ ವಿದ್ಯೆ ಬೇಡವೆಂದು ನಾನು ಹೇಳಲಾರೆ. ಕೆರೆಯ ಏರಿಯ ಕಲ್ಲನ್ನು ಓದಿದ ಗುರುಗಳು ಲಿಪಿಶಾಸ್ತ್ರವನ್ನು ಕಲಿತದ್ದು ಆ ಊರಿಗೆ ಉಪಯೋಗವಾಗಲೆಂದೇನೂ ಅಲ್ಲ. ಆದರೆ ಆ ಊರು ಕೇಳಿದಾಗ ಅವರು ಓದಿ ಹೇಳಿದರು, ಊರಿನವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು. ಸಂಶೋಧನೆಯ ವಿಷಯವನ್ನು ಸಮಾಜ ಗೊತ್ತುಮಾಡಬೇಕಾಗಿಲ್ಲ. ಸಂಶೋಧನೆಯ ಫಲವನ್ನು ಕೇಳುವ ಹಕ್ಕು ಮಾತ್ರ ಸಮಾಜಕ್ಕೆ ಇದೆ. ಹೇಳುವ ಹೊಣೆ ವಿದ್ವಾಂಸನಿಗೆ ಇದೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳನ್ನು ನಾನು ಸೂಚಿಸುವುದಿಲ್ಲ. ಪ್ರತಿಯೊಬ್ಬ ಪ್ರಾಧ್ಯಾಪಕನೂ, ಅವನ ವಿಷಯ ಯಾವುದೇ ಇರಲಿ, ವರ್ಷಕ್ಕೊಮ್ಮೆಯಾದರೂ ತಾನು ಮಾಡಿದ ಕೆಲಸವನ್ನು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ಬರೆಯಲಿ. ಬಡ್ತಿಯ ಲೆಕ್ಕದಲ್ಲಿ ಅದಕ್ಕೂ ತೂಕವಿರಲಿ. ಡಾಕ್ಟರೇಟ್ ಪ್ರಬಂಧದ ಜೊತೆ ಹತ್ತು ಪುಟಗಳ ಕನ್ನಡ ಸಾರಾಂಶವೊಂದು ಕಡ್ಡಾಯವಾಗಲಿ. ಯಾವ ಊರಿನ ಹಾಡು, ಯಾವ ಊರಿನ ರೋಗ, ಯಾವ ಊರಿನ ಮಣ್ಣು ಆ ಪ್ರಬಂಧಕ್ಕೆ ಸಾಮಗ್ರಿಯಾಯಿತೋ ಆ ಊರಿನ ಗ್ರಂಥಾಲಯಕ್ಕೆ ಅದರ ಪ್ರತಿಯೊಂದು ಹೋಗಲಿ. ಇಷ್ಟಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ನಿರ್ದೇಶಕರೂ ಬೇಡ. ಬೇಕಾದದ್ದು ಒಂದು ನಿಯಮ. ಆ ನಿಯಮವನ್ನು ಹೊರೆಯೆಂದು ತಿಳಿಯದ ಮನಸ್ಸು.

ಕೇಳುಗರಾದ ನಿಮ್ಮ ಪಾಲಿಗೂ ಒಂದು ಕೆಲಸ ಉಳಿದಿದೆ. ನಿಮ್ಮ ಜಿಲ್ಲೆಯ ವಿಶ್ವವಿದ್ಯಾನಿಲಯಕ್ಕೆ ಒಂದು ಕಾಗದ ಬರೆಯಿರಿ. ನಮ್ಮ ಬಾವಿಯ ನೀರು ಏಕೆ ಒಗರಾಯಿತು, ನಮ್ಮ ಊರ ಮುಂದಿನ ವೀರಗಲ್ಲು ಯಾರದು, ನಮ್ಮ ತೆಂಗಿಗೆ ಬಂದ ರೋಗ ಯಾವುದು ಎಂದು ಕೇಳಿರಿ. ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ. ವಿದ್ಯಾನಿಲಯವನ್ನು ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಅದನ್ನು ನಿಮ್ಮದೆಂದು ಒಪ್ಪಿಕೊಳ್ಳುವ ರೀತಿ.

(ಬಾನುಲಿ ಭಾಷಣ. ಆಕಾಶವಾಣಿಯ ಕೃಪೆ)